ಅಧ್ಯಾಪಕರ ಸಂಬಳದ ಕಥೆ

ಕಳೆದ ಮಹಾನವಮಿಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹತ್ತನೆಯ ತರಗತಿಯಲ್ಲಿ ಹಳಗನ್ನಡ ಪದ್ಯಗಳ ಸಂಧಿ ಬಿಡಿಸಿ ತಪ್ಪಿಲ್ಲದೆ ಓದುತ್ತಿದ್ದ ಹುಡುಗ ಅವನು. ಮುಂದೆ ಕನ್ನಡದಲ್ಲಿ ಎಂ.ಎ. ಮಾಡಿದ, ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಯಲ್ಲಿಯೂ ತೇರ್ಗಡೆಯಾದ. ಈಗ ಹನ್ನೊಂದು ವರ್ಷಗಳಿಂದ ನಮ್ಮ ಸೀಮೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಾನೆ. ಅವನ ಊರು ಚನ್ನಪಟ್ಟಣದ ಮಗ್ಗುಲಲ್ಲಿ. ಕೆಲಸ ಮಾಗಡಿಯ ಕಡೆ. ಬೆಳಗ್ಗೆ ಆರೂವರೆಗೆ ಮನೆ ಬಿಟ್ಟು, ರಾಮನಗರದಲ್ಲಿ ಬಸ್ಸು ಬದಲಿಸಿ, ಮೊದಲ ಗಂಟೆಯ ಪಾಠಕ್ಕೆ ಹೋಗಿ ನಿಲ್ಲುತ್ತಾನೆ.

“ಕೆಲಸ ಹೇಗೆ ನಡೆದಿದೆಯಪ್ಪ?” ಎಂದು ಕೇಳಿದೆ.

“ಪಾಠ ಚೆನ್ನಾಗಿ ನಡೆದಿದೆ ಸಾರ್. ದುಡ್ಡು ಮಾತ್ರ ಮೂರು ತಿಂಗಳಿಂದ ಬಂದಿಲ್ಲ” ಎಂದ. ಆಮೇಲೆ ತಾನೇ ನಕ್ಕು ಹೇಳಿದ: “ನಾನು ಅತಿಥಿ ಉಪನ್ಯಾಸಕ ಅಲ್ಲವೇ ಸಾರ್. ಬರುವುದಕ್ಕೆ ಇಂಥದೇ ತಿಥಿ ಎಂಬ ನಿಯಮವಿಲ್ಲದವನು ಅತಿಥಿ ಎಂದು ನೀವೇ ಪಾಠದಲ್ಲಿ ಹೇಳಿದ್ದಿರಿ. ನನ್ನ ಸಂಬಳಕ್ಕೂ ತಿಥಿಯಿಲ್ಲ.”

ಶಿಷ್ಯನ ಶಬ್ದಾರ್ಥಜ್ಞಾನಕ್ಕೆ ನಾನು ಸಂತೋಷಪಡಬೇಕಾಗಿತ್ತು. ಆದರೆ ಆ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ನಮ್ಮ ನಾಡಿನಲ್ಲಿ ಕಲಿಸುವವನಿಗೆ ಯಾರು ಕೊಟ್ಟರು, ಏನು ಕೊಟ್ಟರು, ಎಂದು ಕೊಟ್ಟರು ಎಂಬ ಕಥೆಯನ್ನು ಒಮ್ಮೆ ಮೊದಲಿನಿಂದ ನೋಡಬೇಕೆನ್ನಿಸಿತು. ನೋಡಿದ್ದರ ಫಲವೇ ಈ ನಾಲ್ಕು ಮಾತು.

ಮೊದಲು ಶಬ್ದಗಳಿಂದಲೇ ಹೊರಡೋಣ. ಪಂಡಿತ ತರಬೇತಿ ಪಡೆದವನಿಗೆ ಅದೇ ಹತ್ತಿರದ ದಾರಿ. ‘ಸಂಬಳ’ ಎಂಬ ಮಾತಿನ ಹಿಂದೆ ‘ಶಂಬಲ’ ಎಂಬ ಸಂಸ್ಕೃತ ಶಬ್ದವಿದೆ. ಅದರ ಅರ್ಥ ದಾರಿಬುತ್ತಿ, ಪ್ರಯಾಣಕ್ಕೆಂದು ಕಟ್ಟಿಕೊಡುವ ಆಹಾರ. ಹೊರಟವನು ಊರು ಸೇರುವವರೆಗೆ ಹಸಿಯಬಾರದೆಂದು ಕೊಟ್ಟದ್ದು ಅದು. ಇನ್ನು ‘ಉಪಾಧ್ಯಾಯ’. ವೇದದ ಒಂದು ಭಾಗವನ್ನು ಜೀವಿಕೆಗಾಗಿ ಕಲಿಸುವವನು ಉಪಾಧ್ಯಾಯನೆಂದು ಮನುಸ್ಮೃತಿ ಹೇಳುತ್ತದೆ. ಅವನಿಗಿಂತ ಆಚಾರ್ಯನು ಮೇಲು. ಕೂಲಿ ಪಡೆದು ಕಲಿಸುವವನನ್ನು ‘ಭೃತಕಾಧ್ಯಾಪಕ’ ಎಂದು ಕರೆದು, ಶ್ರಾದ್ಧದ ಊಟಕ್ಕೆ ಕರೆಯಬಾರದವರ ಪಟ್ಟಿಯಲ್ಲಿ ಸೇರಿಸಿರುವುದೂ ಆ ಗ್ರಂಥದಲ್ಲಿಯೇ. ಎಂದರೆ, ಗುರುವಿಗೆ ಹೊಟ್ಟೆಯಿದೆ ಎಂಬುದನ್ನು ಒಪ್ಪಿಕೊಳ್ಳುವಾಗ ನಮ್ಮವರ ಮನಸ್ಸು ಬಹು ಹಿಂದಿನಿಂದಲೂ ಸ್ವಲ್ಪ ಮುಜುಗರಪಟ್ಟಿದೆ. ಗುರುವನ್ನು ಹೊಗಳುವುದಕ್ಕೆ ನಾಲಗೆ ಉದ್ದ. ಗುರುವಿನ ಕೂಲಿಯ ಮಾತು ಬಂದಾಗ ನಾಲಗೆ ಗಿಡ್ಡ.

ಆದರೂ ಬುದ್ಧಿವಂತರಾದ ದಾನಿಗಳು ಈ ಮುಜುಗರವನ್ನು ಬದಿಗಿಟ್ಟು ಲೆಕ್ಕ ಬರೆದಿಟ್ಟ ಉದಾಹರಣೆಗಳು ನಮ್ಮ ಶಾಸನಗಳಲ್ಲಿವೆ. ವಿಜಯಪುರ ಜಿಲ್ಲೆಯ ಇಂಡಿಯ ಬಳಿ ಸಾಲೋಟಗಿ ಎಂಬ ಊರಿದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದಲ್ಲಿ, ಕ್ರಿ. ಶ. ೯೪೫ರಲ್ಲಿ, ಅವನ ಮಂತ್ರಿ ನಾರಾಯಣನು ಅಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದನು. ದೂರ ದೂರದಿಂದ ಬಂದ ವಿದ್ಯಾರ್ಥಿಗಳಿಗೆ ೨೭ ಮನೆಗಳು, ದೀಪದ ಎಣ್ಣೆಗೆ ಬೇರೆ ಭೂಮಿ, ಅಧ್ಯಾಪಕನಿಗೆ ೫೦ ನಿವರ್ತನ ಭೂಮಿ ಮತ್ತು ವಾಸಕ್ಕೆ ಮನೆ, ಹೀಗೆ ಏರ್ಪಾಡು. ಅಷ್ಟೇ ಅಲ್ಲ, ಊರಿನಲ್ಲಿ ಮದುವೆ ಮುಂಜಿಗಳಾದಾಗ ಇಷ್ಟಿಷ್ಟು ಕಾಣಿಕೆ ಶಾಲೆಗೆ ಸಲ್ಲತಕ್ಕದ್ದು ಎಂಬ ಕಟ್ಟಳೆಯೂ ಇತ್ತು.

ಕಲಬುರಗಿ ಜಿಲ್ಲೆಯ ನಾಗಾವಿಯ ೧೦೫೮ರ ಶಾಸನ ಇನ್ನೂ ವಿವರವಾದದ್ದು. ಅಲ್ಲಿನ ಘಟಿಕಾಸ್ಥಾನದಲ್ಲಿ ವೇದವನ್ನು ಕಲಿಯುವವರು ೨೦೦ ಮಂದಿ, ಶಾಸ್ತ್ರವನ್ನು ಕಲಿಯುವವರು ೫೦ ಮಂದಿ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಅಧ್ಯಾಪಕರು. ಇವರ ಜೊತೆಗೆ ಆರು ಮಂದಿ ‘ಸರಸ್ವತೀ ಭಂಡಾರಿಗರು’, ಇಂದಿನ ಮಾತಿನಲ್ಲಿ ಗ್ರಂಥಪಾಲಕರು. ಪಾಠ ಹೇಳುವವರ ಜೊತೆಯಲ್ಲಿ ಪುಸ್ತಕ ಕಾಯುವವರನ್ನೂ ಎಣಿಸಿ, ಅವರ ಜೀವನಕ್ಕೂ ಏರ್ಪಾಡು ಮಾಡಿದ್ದನ್ನು ಗಮನಿಸಬೇಕು. ವಿದ್ಯಾಸಂಸ್ಥೆ ಎಂದರೆ ಉಪನ್ಯಾಸ ಮಾಡುವವರು ಮಾತ್ರವಲ್ಲ ಎಂಬ ತಿಳಿವಳಿಕೆ ಒಂಬೈನೂರು ವರ್ಷಗಳಿಗೂ ಹಿಂದೆಯೇ ಇತ್ತು.

ಈ ದಾನಗಳನ್ನು ನಾವು ಕುರುಡಾಗಿ ಕೊಂಡಾಡಬೇಕಾಗಿಲ್ಲ. ಅಂದಿನ ವಿದ್ಯೆ ಕೆಲವೇ ಮನೆತನಗಳ ಸೊತ್ತು. ಭೂಮಿ ಉತ್ತವನ ಮಗನಿಗೆ ಆ ಶಾಲೆಯ ಹೊಸಿಲು ದಾಟುವ ಯೋಗವಿರಲಿಲ್ಲ. ಆದರೆ ಒಂದು ಗುಣವನ್ನು ಒಪ್ಪಲೇಬೇಕು. ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು ‘ಆಚಂದ್ರಾರ್ಕ’, ಸೂರ್ಯಚಂದ್ರರಿರುವವರೆಗೆ ಎಂದು. ಕೊಟ್ಟದ್ದನ್ನು ಕಾಪಾಡಿದವರಿಗೆ ಪುಣ್ಯ, ಅಳಿದವರಿಗೆ ಪಾಪ ಎಂದು ಕಲ್ಲಿನ ಕೊನೆಯಲ್ಲಿ ಶಾಪಾಶಯ. ಕೊಡುವವನು ಎಷ್ಟು ಕೊಟ್ಟನೆಂಬುದರ ಜೊತೆಗೆ, ಕೊಟ್ಟದ್ದು ನಿಲ್ಲಬೇಕೆಂಬ ಕಾಳಜಿ ಅಲ್ಲಿದೆ. ಈ ನಿಲ್ಲುವ ಗುಣವನ್ನು ನೆನಪಿನಲ್ಲಿಟ್ಟುಕೊಂಡು ಮುಂದಕ್ಕೆ ಬರೋಣ.

ಅಗ್ರಹಾರಗಳ ಹೊರಗೆ, ಹಳ್ಳಿಪಟ್ಟಣಗಳ ಸಾಮಾನ್ಯ ಜನರ ಮಕ್ಕಳಿಗೆ ಅಕ್ಷರ ಕಲಿಸಿದ್ದು ಕೂಲಿಮಠ. ಹೆಸರಿನಲ್ಲಿಯೇ ಕೂಲಿಯಿದೆ. ಊರ ಗುಡಿಯ ಜಗಲಿಯೋ ಯಾರದೋ ಮನೆಯ ಪಡಸಾಲೆಯೋ ಶಾಲೆ. ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಹೇಳಿಸಿ, ಅಮರಕೋಶ, ಜೈಮಿನಿ ಭಾರತಗಳವರೆಗೆ ಕರೆದುಕೊಂಡು ಹೋಗುತ್ತಿದ್ದವರು ಐಗಳು. ಅವರಿಗೆ ಕಾಳುಕಡ್ಡಿ, ಹಬ್ಬದ ಕಾಣಿಕೆ, ಅನುಕೂಲವಿದ್ದವರಿಂದ ತಿಂಗಳಿಗೆ ಕೆಲವು ಕಾಸು. ವರ್ಷದ ದೊಡ್ಡ ವರಮಾನ ಬರುತ್ತಿದ್ದದ್ದು ಮಹಾನವಮಿಯಲ್ಲಿ. ಮಕ್ಕಳು ಹೊಸಬಟ್ಟೆ ತೊಟ್ಟು, ಐಗಳ ಜೊತೆ ಮನೆ ಮನೆಗೆ ಹೋಗಿ ಚೌಪದ ಹಾಡಿ, ಮನೆಯವರು ಕೊಟ್ಟ ಹಣವನ್ನು ತಂದು ಐಗಳ ಮುಂದಿಡುತ್ತಿದ್ದರು. ಕರಾವಳಿಯಲ್ಲಿ ನವರಾತ್ರಿಯ ಹೂವಿನಕೋಲಿನ ಪದ್ಧತಿಯೂ ಇದರ ಒಡಹುಟ್ಟಿದ್ದೇ. ನೋಡುವವರಿಗೆ ಅದು ಚೆಲುವಾದ ಹಬ್ಬ. ಐಗಳ ಮನೆಯವರಿಗೆ ಅದು ವರ್ಷದ ಲೆಕ್ಕ. ಆ ವರ್ಷ ಮಳೆ ಹೋದರೆ, ಊರಿನ ದೊಡ್ಡಮನೆಯಲ್ಲಿ ಸೂತಕವಾದರೆ, ಹಾಡೂ ಇಲ್ಲ, ಹಣವೂ ಇಲ್ಲ.

ಈ ಐಗಳ ಸ್ಥಿತಿಗೆ ಅಂಕಿಗಳ ಸಾಕ್ಷಿ ನಮಗೆ ಸಿಗುವುದು ಬಳ್ಳಾರಿಯಿಂದ. ಆಗ ಬಳ್ಳಾರಿ ಮದರಾಸು ಪ್ರಾಂತಕ್ಕೆ ಸೇರಿತ್ತು. ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ೧೮೨೨ರಲ್ಲಿ ಪ್ರಾಂತದ ದೇಶೀ ಶಾಲೆಗಳ ಎಣಿಕೆಗೆ ಆಜ್ಞೆ ಮಾಡಿದನು. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ೧೮೨೩ರಲ್ಲಿ ಕಳುಹಿಸಿದ ವರದಿಯಲ್ಲಿ ಜಿಲ್ಲೆಯಲ್ಲಿ ೫೩೩ ಶಾಲೆಗಳಿವೆಯೆಂದೂ ಅವುಗಳಲ್ಲಿ ಒಂದಕ್ಕಾದರೂ ಸರ್ಕಾರದಿಂದ ಸಹಾಯವಿಲ್ಲವೆಂದೂ ನಾಚಿಕೆಯಿಂದ ಬರೆದನು. ಎಲ್ಲ ಜಿಲ್ಲೆಗಳ ವರದಿಗಳನ್ನು ನೋಡಿದ ಮನ್ರೋ ೧೮೨೬ರ ಮಾರ್ಚಿಯಲ್ಲಿ ತನ್ನ ಅಭಿಪ್ರಾಯವನ್ನು ದಾಖಲೆ ಮಾಡಿದನು. ಮಗುವೊಂದಕ್ಕೆ ತಿಂಗಳಿಗೆ ನಾಲ್ಕೋ ಆರೋ ಎಂಟೋ ಆಣೆ ಕೊಡುವುದು ರೂಢಿ; ಉಪಾಧ್ಯಾಯರ ಸಂಪಾದನೆ ತಿಂಗಳಿಗೆ ಸಾಮಾನ್ಯವಾಗಿ ಆರೇಳು ರೂಪಾಯಿಗಳನ್ನು ಮೀರುವುದಿಲ್ಲ; ಯೋಗ್ಯರಾದವರನ್ನು ಈ ವೃತ್ತಿಗೆ ಎಳೆಯುವುದಕ್ಕೆ ಇದು ಸಾಲದು, ಇದು ಅವನ ನಿರ್ಣಯ. ತಹಶೀಲ್ದಾರಿ ಶಾಲೆಯ ಉಪಾಧ್ಯಾಯನಿಗೆ ತಿಂಗಳಿಗೆ ೯ ರೂಪಾಯಿ, ಜಿಲ್ಲೆಯ ಮುಖ್ಯ ಶಾಲೆಯವನಿಗೆ ೧೫ ರೂಪಾಯಿ ಸರ್ಕಾರದಿಂದ ಕೊಡಬೇಕೆಂದು ಅವನು ಸೂಚಿಸಿದನು. ಕಡಿಮೆ ಕೊಟ್ಟರೆ ಒಳ್ಳೆಯವರು ಬರುವುದಿಲ್ಲ ಎಂಬ ಮಾತು ಇನ್ನೂರು ವರ್ಷ ಹಳೆಯದು ಎಂಬುದಕ್ಕಾಗಿ ಇದನ್ನು ಹೇಳಿದೆ.

ನಮ್ಮ ಮೈಸೂರು ಸೀಮೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ೧೮೩೩ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಯನ್ನು ತೆರೆದರು. ೧೮೫೭ರಲ್ಲಿ ವಿದ್ಯಾ ಇಲಾಖೆ ಏರ್ಪಟ್ಟಿತು. ೧೮೬೮ರಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆ ಬಂದಿತು. ಅದರ ಹಿಂದಿದ್ದವರು ಬಿ. ಎಲ್. ರೈಸ್. ಹಳ್ಳಿಗಳಲ್ಲಿ ಮೊದಲೇ ಪಾಠ ಹೇಳುತ್ತಿದ್ದವರನ್ನು ಕರೆದು, ನಾರ್ಮಲ್ ಶಾಲೆಯಲ್ಲಿ ತರಬೇತಿ ಕೊಟ್ಟು, ಇಲಾಖೆಯ ಸಂಬಳಕ್ಕೆ ಸೇರಿಸಿಕೊಳ್ಳುವುದು ಅದರ ಮುಖ್ಯಾಂಶ. ಇದೇ ರೈಸರು ಮುಂದೆ ಶಾಸನಗಳನ್ನು ಹುಡುಕಿ ಅಚ್ಚು ಹಾಕಿಸಿದರು. ಚನ್ನಪಟ್ಟಣ, ಮಾಗಡಿ, ಕಾನಕಾನಹಳ್ಳಿಯೆಂದು ಕರೆಯುತ್ತಿದ್ದ ಕನಕಪುರ, ಈ ತಾಲ್ಲೂಕುಗಳ ಕಲ್ಬರಹಗಳು ಸೇರಿರುವ ಬೆಂಗಳೂರು ಜಿಲ್ಲೆಯ ಸಂಪುಟ ಹೊರಬಂದದ್ದು ೧೯೦೫ರಲ್ಲಿ. ಹಳೆಯ ದಾನಪತ್ರಗಳನ್ನು ಓದಿದ ಕಣ್ಣೇ ಹೋಬಳಿಯ ಐಗಳ ಕಡೆಗೂ ತಿರುಗಿತ್ತು.

ಕೂಲಿಮಠದ ಐಗಳು ಸರ್ಕಾರಿ ಮೇಷ್ಟರಾದಾಗ ಬದಲಾದದ್ದು ರೂಪಾಯಿಯ ಎಣಿಕೆಯಲ್ಲ, ಅದಕ್ಕಿಂತ ದೊಡ್ಡದು. ತಿಂಗಳಿಗೊಂದು ದಿನ ನಿಗದಿಯಾಯಿತು. ಮಳೆ ಬಂದರೂ ಬಾರದಿದ್ದರೂ, ಊರಗೌಡರಿಗೆ ಸಂತೋಷವಿದ್ದರೂ ಇಲ್ಲದಿದ್ದರೂ, ಆ ದಿನಕ್ಕೆ ಸಂಬಳ. ಅಂಗಡಿಯ ಶೆಟ್ಟರು ಮೇಷ್ಟರಿಗೆ ಧೈರ್ಯವಾಗಿ ಸಾಲ ಬರೆದುಕೊಂಡರು. ದೊಡ್ಡಮನೆಯ ಹುಡುಗನ ತಪ್ಪಿಗೂ ಬಡವರ ಹುಡುಗನ ತಪ್ಪಿಗೂ ಒಂದೇ ಶಿಕ್ಷೆ ಕೊಡುವ ಧೈರ್ಯ ಮೇಷ್ಟರಿಗೆ ಬಂದದ್ದೂ ಆ ನಿಗದಿಯಿಂದಲೇ. ೧೯೧೩ರಲ್ಲಿ ಸಂಸ್ಥಾನವು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಮಾಡಿತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು.

ಸ್ವಾತಂತ್ರ್ಯ ಬಂದ ಮೇಲೆ ಕಾಲೇಜು ನಮ್ಮ ಊರುಗಳ ಕಡೆಗೆ ನಡೆದು ಬಂದಿತು. ಅದಕ್ಕೆ ಮೊದಲು ರಾಮನಗರದ ಹುಡುಗ ಡಿಗ್ರಿ ಓದಬೇಕಾದರೆ ಬೆಂಗಳೂರಿಗೋ ಮೈಸೂರಿಗೋ ರೈಲು ಹತ್ತಬೇಕಾಗಿತ್ತು; ಕನಕಪುರ ಮಾಗಡಿಗಳ ಹುಡುಗನಿಗೆ ಆ ರೈಲೂ ಇರಲಿಲ್ಲ. ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯನವರು ೧೯೫೨ರಲ್ಲಿ ಮೈಸೂರಿನ ಮುಖ್ಯಮಂತ್ರಿಗಳಾದರು. ಅವರು ಕಟ್ಟಿಸಿದ ವಿಧಾನಸೌಧದಿಂದಲೇ ಮುಂದೆ ನಮ್ಮೆಲ್ಲರ ಸಂಬಳದ ಆಜ್ಞೆಗಳು ಹೊರಟವು. ಕನಕಪುರದಲ್ಲಿ ಸ್ವಾತಂತ್ರ್ಯ ಹೋರಾಟಗಾರರಾದ ಎಸ್. ಕರಿಯಪ್ಪನವರು ರೂರಲ್ ಎಜುಕೇಶನ್ ಸೊಸೈಟಿಯ ಮೂಲಕ ಹಳ್ಳಿಯ ಮಕ್ಕಳಿಗೆ ವಿದ್ಯೆಯ ಬಾಗಿಲು ತೆರೆದರು. ೧೯೬೪ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಏರ್ಪಟ್ಟಿತು. ಕ್ರಮೇಣ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೂ ಈ ತಾಲ್ಲೂಕುಗಳಿಗೆ ಬಂದವು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ೨೦೦೭ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದವು. ೨೦೨೫ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ಇಂದು ನಮ್ಮ ಶಾಲೆಯ ಹುಡುಗಿಯರು ರಾತ್ರಿ ಊಟಕ್ಕೆ ಮನೆಗೆ ಬರುವಂತೆ ಬಿ.ಎ., ಬಿ.ಕಾಂ. ಓದುತ್ತಾರೆ. ಇದು ಸಣ್ಣ ಸಾಧನೆಯಲ್ಲ.

ಕಾಲೇಜು ಅಧ್ಯಾಪಕರ ಸಂಬಳಕ್ಕೂ ಈ ಕಾಲದಲ್ಲಿ ಒಂದು ಕ್ರಮ ಬಂದಿತು. ೧೯೫೬ರ ಕಾಯಿದೆಯಿಂದ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗಕ್ಕೆ ಶಾಸನಬದ್ಧ ಸ್ಥಾನ ದೊರೆಯಿತು. ೧೯೬೪ರಿಂದ ೧೯೬೬ರವರೆಗೆ ಕೆಲಸಮಾಡಿದ ಕೊಠಾರಿ ಆಯೋಗವು, ಸರ್ಕಾರಿ ಸಂಸ್ಥೆಯವರಾಗಲಿ ಖಾಸಗಿ ಸಂಸ್ಥೆಯವರಾಗಲಿ ಒಂದೇ ಕೆಲಸದ ಅಧ್ಯಾಪಕರಿಗೆ ಒಂದೇ ಬಗೆಯ ಸಂಬಳವಿರಬೇಕೆಂದು ಹೇಳಿತು. ಧನಸಹಾಯ ಆಯೋಗದ ಶ್ರೇಣಿಯಲ್ಲಿ ಉಪನ್ಯಾಸಕನ ಆರಂಭದ ಮೂಲವೇತನ ೧೯೭೩ರಲ್ಲಿ ೭೦೦ ರೂಪಾಯಿ, ೧೯೮೬ರಲ್ಲಿ ೨,೨೦೦, ೧೯೯೬ರಲ್ಲಿ ೮,೦೦೦, ೨೦೧೬ರ ಶ್ರೇಣಿಯಲ್ಲಿ ೫೭,೭೦೦. ಇದರ ಮೇಲೆ ತುಟ್ಟಿಭತ್ಯ, ಮನೆಬಾಡಿಗೆ ಭತ್ಯ. ಕರ್ನಾಟಕದ ಖಾಸಗಿ ವಿದ್ಯಾಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣದ ೧೯೭೫ರ ಕಾಯಿದೆಯು ಇನ್ನೊಂದು ಬಗೆಯ ಆಸರೆ ಕೊಟ್ಟಿತು. ವಿಚಾರಣೆಯಿಲ್ಲದೆ ಅಧ್ಯಾಪಕನನ್ನು ಮನೆಗೆ ಕಳುಹಿಸಕೂಡದು. ಕಳುಹಿಸಿದರೆ ಅವನು ಮೇಲ್ಮನವಿಯ ನ್ಯಾಯಮಂಡಳಿಗೆ ಹೋಗಬಹುದು. ಆಡಳಿತ ಮಂಡಳಿಯ ಅಧ್ಯಕ್ಷರ ಮುಖ ನೋಡಿ ಬದುಕುತ್ತಿದ್ದ ಎಷ್ಟೋ ಮಂದಿಗೆ ಇದು ಬೆನ್ನೆಲುಬಾಯಿತು.

ಕಾನೂನಿರುವುದು ಬೇರೆ, ಅದು ಕೈಗೆ ಎಟುಕುವುದು ಬೇರೆ. ಪಂಡಿತ ತರಬೇತಿ ಮುಗಿಸಿ ನಾನು ಮೊದಲು ಸೇರಿದ್ದು ಅನುದಾನವಿಲ್ಲದ ಖಾಸಗಿ ಶಾಲೆಯೊಂದರಲ್ಲಿ. ಪ್ರತಿ ತಿಂಗಳೂ ಗುಮಾಸ್ತರು ರಿಜಿಸ್ಟರನ್ನು ಮುಂದಿಡುತ್ತಿದ್ದರು. ಸಹಿ ಮಾಡಿದ ಮೊತ್ತ ಒಂದು. ಕೈಗೆ ಬರುತ್ತಿದ್ದದ್ದು ಅದರ ಅರ್ಧಕ್ಕಿಂತ ಕಡಿಮೆ. ಮೊದಲ ಸಲ ನಾನು ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಗುಮಾಸ್ತರು ವಯಸ್ಸಾದವರು, ಒಳ್ಳೆಯವರು. “ಪಂಡಿತರೇ, ನನಗೂ ಹೀಗೆಯೇ, ಮಾಡಿ” ಎಂದರು. ಮಾಡಿದೆ. ಅದಾದ ಅರ್ಧ ಗಂಟೆಯಲ್ಲಿ ಎಂಟನೆಯ ತರಗತಿಗೆ ಹರಿಶ್ಚಂದ್ರನ ಕಥೆಯನ್ನು ಪಾಠ ಹೇಳಬೇಕಾಗಿತ್ತು. ಆ ದಿನದ ಪಾಠ ನನಗೆ ಇಂದಿಗೂ ನೆನಪಿದೆ. ಮಕ್ಕಳ ಮುಖ ನೋಡದೆ ಪುಸ್ತಕ ನೋಡಿಕೊಂಡು ಹೇಳಿ ಮುಗಿಸಿದೆ. ಮುಂದೆ ಸರ್ಕಾರಿ ಪ್ರೌಢಶಾಲೆಯ ಕೆಲಸ ಸಿಕ್ಕಿತು. ಮೊದಲ ಸಂಬಳವನ್ನು ಎಣಿಸಿದಾಗ ನನಗೆ ಸಂತೋಷವಾದದ್ದು ಮೊತ್ತ ಹೆಚ್ಚಾಯಿತೆಂದಲ್ಲ. ಸಹಿಯೂ ಹಣವೂ ಒಂದೇ ಆಯಿತೆಂದು.

ಈಗ ಅತಿಥಿಯ ಕಥೆಗೆ ಬರೋಣ. ಖಾಯಂ ಅಲ್ಲದ ನೌಕರ ನಮ್ಮಲ್ಲಿ ಹೊಸಬನಲ್ಲ. ಹಳೆಯ ಮೈಸೂರು ಸರ್ಕಾರದ ಸೇವಾ ನಿಯಮಗಳಲ್ಲಿಯೇ ‘ಸ್ಥಳೀಯ ಅಭ್ಯರ್ಥಿ’ ಎಂಬ ಹೆಸರಿತ್ತು. ನೇಮಕಾತಿ ನಿಯಮಗಳಂತೆ ಆಯ್ಕೆಯಾಗದೆ ತಾತ್ಕಾಲಿಕವಾಗಿ ಸೇರಿದವನು ಎಂದು ಅದರ ಅರ್ಥ. ಆಮೇಲೆ ಅರೆಕಾಲಿಕ ಉಪನ್ಯಾಸಕ ಬಂದ, ಆಮೇಲೆ ಅತಿಥಿ. ಹೆಸರು ಸವಿಯಾಗುತ್ತ ಹೋಯಿತು; ಹಿಡಿದುಕೊಳ್ಳುವುದಕ್ಕೆ ಕೈಗೆ ಸಿಗುವ ಕೊಂಬೆ ಸಣ್ಣದಾಗುತ್ತ ಹೋಯಿತು. ಸಂಬಳ ಎನ್ನದೆ ‘ಗೌರವಧನ’ ಎಂದರು. ಆಜ್ಞೆಯ ಅವಧಿ ಶೈಕ್ಷಣಿಕ ವರ್ಷದ್ದು, ಹತ್ತು ತಿಂಗಳ ಆಸುಪಾಸು. ಉಳಿದ ತಿಂಗಳುಗಳು ಬರಿದು.

೨೦೦೬ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಎಂಬ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ದಿನಗೂಲಿಯ ನೌಕರರಿಂದ ಹುಟ್ಟಿದ ಆ ಮೊಕದ್ದಮೆಯ ಸಾರಾಂಶವಿಷ್ಟು: ಸಾರ್ವಜನಿಕ ಹುದ್ದೆಗೆ ಎಲ್ಲರಿಗೂ ಸ್ಪರ್ಧಿಸುವ ಹಕ್ಕಿದೆ, ನಿಯಮದ ಆಯ್ಕೆಯಿಲ್ಲದೆ ಒಳಗೆ ಬಂದವರು ಬಹುಕಾಲ ದುಡಿದ ಮಾತ್ರಕ್ಕೆ ಖಾಯಂ ಆಗುವ ಹಕ್ಕು ಪಡೆಯುವುದಿಲ್ಲ. ಈ ಮಾತಿನಲ್ಲಿ ನ್ಯಾಯವಿಲ್ಲವೆನ್ನಲಾಗದು. ಹಳ್ಳಿಯಲ್ಲಿ ಕುಳಿತು ಪರೀಕ್ಷೆಗೆ ಓದುತ್ತಿರುವ, ಯಾರ ಪರಿಚಯವೂ ಇಲ್ಲದ ಹುಡುಗನಿಗೂ ಬಾಗಿಲು ತೆರೆದಿರಬೇಕು. ಆದರೆ ಅದೇ ನ್ಯಾಯಾಲಯ ೨೦೧೬ರ ಅಕ್ಟೋಬರಿನಲ್ಲಿ, ಪಂಜಾಬಿನ ತಾತ್ಕಾಲಿಕ ನೌಕರರ ಪ್ರಕರಣದಲ್ಲಿ, ಖಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನದ ತತ್ತ್ವ ಸಲ್ಲುತ್ತದೆಂದು ಹೇಳಿತು. ಒಂದು ತೀರ್ಪು ಹುದ್ದೆಯ ಮಾತು. ಇನ್ನೊಂದು ಕೂಲಿಯ ಮಾತು. ಮೊದಲನೆಯದನ್ನು ನೆನಪಿಟ್ಟುಕೊಂಡಷ್ಟು ಚೆನ್ನಾಗಿ ಎರಡನೆಯದನ್ನು ನಾವು ನೆನಪಿಟ್ಟುಕೊಂಡಿಲ್ಲ.

ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅತಿಥಿಗಳ ಸಂಖ್ಯೆ ಹತ್ತು ಸಾವಿರವನ್ನು ಮೀರಿತು. ಅರ್ಹತಾ ಪರೀಕ್ಷೆ ಅಥವಾ ಪಿಎಚ್.ಡಿ. ಇದ್ದವರಿಗೆ ತಿಂಗಳಿಗೆ ೧೩,೦೦೦, ಇಲ್ಲದವರಿಗೆ ೧೧,೦೦೦ ರೂಪಾಯಿ ಎಂಬ ಸ್ಥಿತಿ ೨೦೨೨ರವರೆಗೂ ಇತ್ತು. ಆ ವರ್ಷದ ಜನವರಿಯಲ್ಲಿ, ಮುಷ್ಕರವಾದ ಮೇಲೆ, ಅಂದಿನ ಉನ್ನತ ಶಿಕ್ಷಣ ಸಚಿವ ಡಾ. ಸಿ. ಎನ್. ಅಶ್ವತ್ಥನಾರಾಯಣ ಅವರು ಏರಿಕೆಯನ್ನು ಪ್ರಕಟಿಸಿದರು. ಅವರು ಆಗ ನಮ್ಮ ರಾಮನಗರ ಜಿಲ್ಲೆಯ ಉಸ್ತುವಾರಿ ಸಚಿವರೂ ಆಗಿದ್ದರು. ಅರ್ಹತೆ ಮತ್ತು ಸೇವಾವಧಿಯನ್ನು ನೋಡಿ ೨೬,೦೦೦ದಿಂದ ೩೨,೦೦೦ ರೂಪಾಯಿಯವರೆಗೆ ಗೌರವಧನ. ಅದರೊಡನೆ ವಾರದ ಪಾಠದ ಅವಧಿ ೧೫ ಗಂಟೆಗೆ ಏರಿತು. ಇಬ್ಬರು ಹಂಚಿಕೊಂಡಿದ್ದ ಪಾಠಗಳು ಒಬ್ಬನ ಪಾಲಿಗೆ ಬಂದವು. ಹೀಗೆ ಹೊರಗುಳಿದ ಸಾವಿರಾರು ಮಂದಿಗೆ ಆ ಏರಿಕೆಯ ಸುದ್ದಿ ಕೆಲಸ ಹೋದ ಸುದ್ದಿಯಾಯಿತು. ೨೦೨೩ರ ನವೆಂಬರಿನಿಂದ ಮತ್ತೆ ಪಾಠ ನಿಂತಿತು. ಆಗ ಸರ್ಕಾರವು ಸೇವಾವಧಿಗೆ ತಕ್ಕಂತೆ ೫,೦೦೦ದಿಂದ ೮,೦೦೦ ರೂಪಾಯಿ ಹೆಚ್ಚಳ, ಆರೋಗ್ಯ ವಿಮೆ, ಬಹುಕಾಲ ದುಡಿದವರಿಗೆ ವಯೋಮಿತಿ ಮುಟ್ಟಿದಾಗ ೫ ಲಕ್ಷದ ಇಡುಗಂಟು ಕೊಡುವುದಾಗಿ ಹೇಳಿತು. ಇವು ನಿಜವಾದ ಉಪಕಾರಗಳೇ; ಅಲ್ಲವೆನ್ನುವುದು ಕೃತಘ್ನತೆ.

ಆದರೂ ಒಂದು ಲೆಕ್ಕವನ್ನು ನಾನು ಮಕ್ಕಳಿಗೆ ಕೊಡುವ ಲೆಕ್ಕದಂತೆ ನಿಮ್ಮ ಮುಂದಿಡುತ್ತೇನೆ. ಧನಸಹಾಯ ಆಯೋಗದ ೨೦೧೮ರ ನಿಯಮಗಳಲ್ಲಿ ಖಾಯಂ ಸಹಾಯಕ ಪ್ರಾಧ್ಯಾಪಕನಿಗೆ ವಾರಕ್ಕೆ ೧೬ ಗಂಟೆಯ ಪಾಠ. ೨೦೨೨ರ ಆಜ್ಞೆಯಲ್ಲಿ ಅತಿಥಿಗೆ ೧೫ ಗಂಟೆ. ಖಾಯಂ ಅಧ್ಯಾಪಕನ ಆರಂಭದ ಮೂಲವೇತನ ೫೭,೭೦೦, ಭತ್ಯಗಳು ಬೇರೆ. ೨೦೨೨ರ ಆ ಆಜ್ಞೆಯಂತೆ ಅತಿಥಿಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ ೩೨,೦೦೦, ಭತ್ಯವಿರಲಿಲ್ಲ. ಒಂದು ಗಂಟೆಯ ಬೆಲೆ ಎಷ್ಟು?

ಇದು ನಮ್ಮ ಸೀಮೆಯೊಂದರ ಕೊರತೆಯೂ ಅಲ್ಲ. ಅಮೆರಿಕದಲ್ಲಿ ‘ಸಮುದಾಯ ಕಾಲೇಜು’ ಎಂಬ ಎರಡು ವರ್ಷಗಳ ಕಾಲೇಜುಗಳಿವೆ. ೧೯೦೧ರಲ್ಲಿ ಇಲಿನಾಯ್ ಸಂಸ್ಥಾನದ ಜೋಲಿಯಟ್ ಪಟ್ಟಣದಲ್ಲಿ ಆರಂಭವಾದ ಕಾಲೇಜು ಅವುಗಳ ಹಿರಿಯಕ್ಕ. ನಮ್ಮ ತಾಲ್ಲೂಕು ಕಾಲೇಜಿನಂತೆಯೇ ಮನೆಯ ಹತ್ತಿರ, ಕಡಿಮೆ ಖರ್ಚಿನಲ್ಲಿ, ದುಡಿಯುವವರ ಮಕ್ಕಳಿಗೆ ಕಲಿಸುವುದು ಅವುಗಳ ಕೆಲಸ. ಅಂಥ ಶ್ರೀಮಂತ ದೇಶದಲ್ಲಿಯೂ ಆ ಕಾಲೇಜುಗಳ ಅಧ್ಯಾಪಕರಲ್ಲಿ ಸುಮಾರು ಮೂವರಿಗೆ ಇಬ್ಬರು ಅರೆಕಾಲಿಕರು. ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನೇ ಇದೆ: ಪೂರ್ಣಕಾಲಿಕನ ಪಾಠದಲ್ಲಿ ನೂರಕ್ಕೆ ೬೭ ಪಾಲಿನವರೆಗೆ ಕಲಿಸುವವನು ತಾತ್ಕಾಲಿಕ. ಅದನ್ನು ದಾಟಗೊಡದಂತೆ ಪಾಠಗಳನ್ನು ಹಂಚುವುದರಿಂದ ಒಬ್ಬನೇ ಮನುಷ್ಯ ಎರಡು ಮೂರು ಊರುಗಳ ಕಾಲೇಜುಗಳ ನಡುವೆ ಕಾರು ಓಡಿಸುತ್ತ ದಿನ ಕಳೆಯುತ್ತಾನೆ. ಅಲ್ಲಿ ಕಾರು, ಇಲ್ಲಿ ಬಸ್ಸು, ಕಥೆ ಒಂದೇ. ಬಡವರ ಮಕ್ಕಳು ಓದುವ ಕಾಲೇಜಿಗೆ ಅನಿಶ್ಚಿತ ಅಧ್ಯಾಪಕ ಎಂಬುದು ಲೋಕದ ರೂಢಿಯಾಗುತ್ತಿರುವಂತೆ ಕಾಣುತ್ತದೆ.

ಬೋಧಕರಲ್ಲದವರ ಮಾತನ್ನೂ ಮರೆಯಬಾರದು. ಕಾಲೇಜಿನ ಗಂಟೆ ಹೊಡೆಯುವವರು, ಪ್ರಯೋಗಾಲಯದ ಗಾಜನ್ನು ತೊಳೆದಿಡುವವರು, ಗ್ರಂಥಾಲಯದ ಬೀಗ ತೆಗೆಯುವವರು, ಕಸ ಗುಡಿಸುವವರು, ಇವರಲ್ಲಿ ಅನೇಕರು ಇಂದು ಹೊರಗುತ್ತಿಗೆಯವರು. ಅವರ ಮಾಲೀಕ ಕಾಲೇಜಲ್ಲ, ಸರ್ಕಾರವೂ ಅಲ್ಲ, ನಡುವೆ ಗುತ್ತಿಗೆದಾರನಿದ್ದಾನೆ. ಅತಿಥಿಗಾದರೂ ಸಚಿವರ ಮುಂದೆ ನಿಂತು ಮಾತನಾಡುವ ಸಂಘವಿದೆ. ನಾಗಾವಿಯ ಕಲ್ಲಿನಲ್ಲಿ ಸ್ಥಾನ ಪಡೆದ ಸರಸ್ವತೀ ಭಂಡಾರಿಗರ ಸಂತತಿಗೆ ಇಂದಿನ ಕಾಲೇಜಿನ ಹಾಜರಿ ಪುಸ್ತಕದಲ್ಲಿಯೂ ಹೆಸರಿಲ್ಲ.

ಸರ್ಕಾರದ ಕಡೆಯ ಮಾತನ್ನೂ ಆಡೋಣ. ಬೊಕ್ಕಸ ಮಿತವಾದದ್ದು, ಪ್ರತಿ ವರ್ಷವೂ ಯಾವ ವಿಷಯಕ್ಕೆ ಎಷ್ಟು ಮಕ್ಕಳು ಸೇರುತ್ತಾರೆಂಬುದು ಮೊದಲೇ ತಿಳಿಯದು, ಎಲ್ಲರನ್ನೂ ಒಮ್ಮೆಗೇ ಖಾಯಂ ಮಾಡಿದರೆ ಉಮಾದೇವಿ ತೀರ್ಪು ಅಡ್ಡ ಬರುತ್ತದೆ. ಒಪ್ಪತಕ್ಕ ಮಾತುಗಳೇ. ಆದರೆ ವರ್ಷಗಳಿಂದ ಖಾಲಿಯಿರುವ ಹುದ್ದೆ ಅನಿರೀಕ್ಷಿತವಾದದ್ದಲ್ಲ. ೨೦೨೧ರಲ್ಲಿ ಸಹಾಯಕ ಪ್ರಾಧ್ಯಾಪಕರ ೧,೨೪೨ ಹುದ್ದೆಗಳಿಗೆ ಪ್ರಕಟಣೆ ಬಂದಿತು. ಹತ್ತು ಸಾವಿರ ಅತಿಥಿಗಳ ಪಾಠದ ಹೊರೆಗೆ ಅದು ಎಷ್ಟನೆಯ ಪಾಲು? ಆಯ್ಕೆ ಪರೀಕ್ಷೆಯನ್ನು ಮೂರು ವರ್ಷಕ್ಕೊಮ್ಮೆಯಾದರೂ ತಪ್ಪದೆ ನಡೆಸಿ, ಕಲಿಸಿದ ವರ್ಷಗಳಿಗೆ ನ್ಯಾಯವಾದ ಅಂಕ ಕೊಟ್ಟರೆ, ಹಳ್ಳಿಯಲ್ಲಿ ಓದುತ್ತಿರುವ ಹುಡುಗನಿಗೂ ಅನ್ಯಾಯವಿಲ್ಲ, ಹನ್ನೊಂದು ವರ್ಷ ದುಡಿದವನಿಗೂ ಅನ್ಯಾಯವಿಲ್ಲ. ಅದಾಗುವವರೆಗೆ, ಕೊಡುವುದನ್ನು ತಿಂಗಳಿನ ಇಂಥ ದಿನವೆಂದು ಕೊಡುವುದಕ್ಕೆ ಯಾವ ತೀರ್ಪೂ ಅಡ್ಡಿಯಿಲ್ಲ.

ಮೊತ್ತ ಹೆಚ್ಚೋ ಕಡಿಮೆಯೋ ಎಂಬುದು ಒಂದು ಪ್ರಶ್ನೆ. ನಿಗದಿಯಿದೆಯೋ ಇಲ್ಲವೋ ಎಂಬುದು ಇನ್ನೊಂದು. ನಮ್ಮ ನಾಡಿನ ಅಧ್ಯಾಪಕರ ಸಂಬಳದ ಕಥೆಯನ್ನು ನೋಡಿದರೆ ಈ ಎರಡನೆಯ ಪ್ರಶ್ನೆಯೇ ದೊಡ್ಡದೆಂದು ನನಗೆ ತೋರುತ್ತದೆ. ಸಾಲೋಟಗಿಯ ದಾನಿ ಭೂಮಿಯಿಂದ ನಿಗದಿ ಮಾಡಿದನು. ಕೂಲಿಮಠದ ಐಗಳಿಗೆ ಅದು ಇರಲಿಲ್ಲ; ವರ್ಷಕ್ಕೊಮ್ಮೆ ಮಕ್ಕಳ ಹಾಡನ್ನು ಮುಂದಿಟ್ಟುಕೊಂಡು ಬೀದಿಗೆ ಬಂದರು. ನೂರು ವರ್ಷದ ಶ್ರಮದಿಂದ ಸರ್ಕಾರವು ಅವರನ್ನು ಬೀದಿಯಿಂದ ಕರೆದು ತಿಂಗಳ ಸಂಬಳದ ಮೇಲೆ ಕೂರಿಸಿತು. ಈಗ ಕಾಲೇಜಿನ ಅಧ್ಯಾಪಕರೇ ತಮ್ಮ ಹಾಡನ್ನು ಹಾಡುತ್ತ ಬೀದಿಗೆ ಬಂದಿದ್ದಾರೆ.

ನನ್ನ ಶಿಷ್ಯನ ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ನಮ್ಮ ಕಡೆಯವರಿಗೆ ಈ ಕಸುಬಿನ ಕಷ್ಟ ಗೊತ್ತು. ಹುಳು ನಾಲ್ಕು ಜ್ವರ ದಾಟಬೇಕು, ಚಂದ್ರಿಕೆಗೆ ಏರಬೇಕು, ಗೂಡು ಕಟ್ಟಬೇಕು. ರಾಮನಗರದ ಮಾರುಕಟ್ಟೆಯಲ್ಲಿ ದರ ಏಳಬಹುದು, ಬೀಳಬಹುದು. ಆದರೆ ಮೊಟ್ಟೆಯೊಡೆದ ದಿನದಿಂದ ಎಣಿಸಿದರೆ ಗೂಡು ಎಂದು ಕೈಗೆ ಬರುತ್ತದೆಂಬ ಲೆಕ್ಕ ಇರುತ್ತದೆ. ಆ ಲೆಕ್ಕವನ್ನು ನಂಬಿ ಸಾಲ ಕೊಡುವವರೂ ಇರುತ್ತಾರೆ. ಇವನು ಮನೆ ಕಟ್ಟಲು ಸಾಲ ಕೇಳಿದಾಗ ಹನ್ನೆರಡು ತಿಂಗಳ ಸಂಬಳದ ಚೀಟಿ ತರಲು ಹೇಳಿದರಂತೆ. ಅವನ ಬಳಿ ಹನ್ನೆರಡು ತಿಂಗಳ ವರ್ಷವೇ ಇಲ್ಲ. ಹೆಣ್ಣು ನೋಡಲು ಹೋದ ಕಡೆಯೂ ಮೊದಲ ಪ್ರಶ್ನೆ ಒಂದೇ, “ಪರ್ಮನೆಂಟಾ?” ಎಂದು.

ಸಂಜೆ ಬಸ್ಸಿಗೆ ಹೊತ್ತಾಯಿತೆಂದು ಎದ್ದ. ಬಾಗಿಲವರೆಗೆ ಹೋದವನು ಹಿಂತಿರುಗಿ, “ರಜೆ ಮುಗಿದ ಮೇಲೆ ಪಂಪನನ್ನು ಶುರು ಮಾಡಬೇಕು ಸಾರ್. ನಿಮ್ಮ ಹಳೆಯ ಟಿಪ್ಪಣಿ ಇದ್ದರೆ ಕೊಡಿ” ಎಂದ. ಕೊಟ್ಟೆ. ಮೂರು ತಿಂಗಳಿಂದ ದುಡ್ಡಿಲ್ಲದೆ ಹೇಗೆ ಓಡಾಡುತ್ತೀಯಪ್ಪ ಎಂದು ಕೇಳಿದೆ. “ಬಸ್ ಚಾರ್ಜು ಅಪ್ಪ ಕೊಡುತ್ತಾರೆ ಸಾರ್, ಗೂಡು ಮಾರಿದ ದುಡ್ಡಿನಲ್ಲಿ” ಎಂದ.

ಸಂಬಳ ಎಂದರೆ ದಾರಿಬುತ್ತಿ ಎಂದು ಮೊದಲು ಹೇಳಿದೆನಷ್ಟೆ. ಮಾಗಡಿಯ ಕಡೆಯ ಆ ತರಗತಿಯ ಮಕ್ಕಳಿಗೆ ಪಂಪನನ್ನು ಪಾಠ ಹೇಳಲು ಹೊರಟವನಿಗೆ ಈ ಮೂರು ತಿಂಗಳು ದಾರಿಬುತ್ತಿ ಕಟ್ಟಿಕೊಟ್ಟವನು ಚನ್ನಪಟ್ಟಣದ ಬಳಿಯ ಒಬ್ಬ ರೇಷ್ಮೆ ಬೆಳೆಗಾರ.